ಮುಖದಕ್ಕ ಬರೆದ ಬೆಲ್ ಕಳ್ಳ

ಪೊಲೀಸ್ ಸ್ಟೇಷನ್ನಿನಲ್ಲಿ ಅವಳನ್ನು ಎಲ್ಲರೂ ಮುಖದಕ್ಕ ಎನ್ನುತ್ತಿದ್ದರು. ಕಳ್ಳನನ್ನು ಕಂಡವರು ಬಾಯಲ್ಲಿ ಹೇಳಿದ್ದನ್ನು ಕೇಳಿ ಅವನ ಮುಖವನ್ನು ಕಾಗದದ ಮೇಲೆ ತರುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಳು. ಪೆನ್ಸಿಲ್ಲನ್ನು ಸೂಜಿಯ ಹಾಗೆ ಚೂಪು ಮಾಡಿಕೊಂಡು ಹುಬ್ಬಿನ ಒಂದೊಂದು ಕೂದಲನ್ನೂ ಬೇರೆ ಬೇರೆ ಎಳೆಯುತ್ತಿದ್ದಳು. ಅವಳ ಚಿತ್ರದಲ್ಲಿ ಮೂಗಿನ ಪಕ್ಕ ನರುಲಿ ಇದೆಯೆಂದರೆ ಸಿಕ್ಕಿಬಿದ್ದವನ ಮೂಗಿನ ಪಕ್ಕವೂ ಇರಬೇಕು. ಇರದಿದ್ದರೆ ಇನ್‌ಸ್ಪೆಕ್ಟರು ಅವನ ಕ್ಷಮೆ ಕೇಳಿ ಮನೆಗೆ ಕಳಿಸುತ್ತಿದ್ದರು. ಅಷ್ಟು ನಂಬಿಕೆ.

ಇಂಥ ಕೈ ಒಂದು ದಿನ ಸೆಟೆದು ನಿಂತಿತು. ಬೆರಳು ಮಡಚಲು ಬಾರದು, ಬಿಡಿಸಲು ಬಾರದು. ಡಾಕ್ಟರು ಒಂದೊಂದೇ ಬೆರಳನ್ನು ಎಳೆದು ನೋಡಿ, ಮಣಿಕಟ್ಟಿಗೆ ಪಟ್ಟಿ ಸುತ್ತಿ, ಈ ಕೈ ಇಪ್ಪತ್ತೆರಡು ವರ್ಷದಿಂದ ಮುಷ್ಟಿ ಕಟ್ಟಿಕೊಂಡೇ ಇದೆ, ಇದಕ್ಕೆ ಯಾವುದಾದರೂ ಸಡಿಲವಾದ ಕೆಲಸ ಕೊಡಿ ಎಂದರು. ಸಡಿಲವಾದ ಕೆಲಸ ಎಂದರೆ ಯಾವುದು? ಮುಖದಕ್ಕನಿಗೆ ತಿಳಿಯಲಿಲ್ಲ. ಮನೆಗೆ ಬಂದು ಗಂಡನನ್ನು ಕೇಳಿದಳು. ಅವನು ಗಡಿಯಾರ ರಿಪೇರಿ ಮಾಡುವವನು. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯದೆ, ತಲೆಯನ್ನೂ ಎತ್ತದೆ, ತನಗೂ ಗೊತ್ತಿಲ್ಲ ಎಂದ. ಆ ಮನೆಯೇ ಹಾಗಿತ್ತು. ಚಮಚಗಳು ಸಹ ಎತ್ತರದ ಪ್ರಕಾರ ನಿಲ್ಲುತ್ತಿದ್ದವು.

ಗೊತ್ತಿದ್ದದ್ದು ನಾದಿನಿಗೆ. ಗಂಡನ ತಂಗಿಯಾದ ಆಕೆ ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು; ಮಾತು ಮಾತ್ರ ಇಸ್ತ್ರಿ ಕಾಣದ್ದು. ಭಾನುವಾರ ಬೆಳಿಗ್ಗೆ ಬಂದವಳೇ ಅತ್ತಿಗೆಯ ಕೈಗೆ ಒಂದು ದಪ್ಪ ಬ್ರಷ್ ಕೊಟ್ಟು, ಎದ್ದು ಹೊರಡಿ ಎಂದಳು. ಊರಿನ ಈಜುಕೊಳ ನಾಲ್ಕು ವರ್ಷದಿಂದ ರಿಪೇರಿಗೆಂದು ಮುಚ್ಚಿತ್ತು. ಈಜು ಕಲಿಸುತ್ತಿದ್ದ ಮೇಷ್ಟ್ರು ಅದರ ಆಫೀಸು ರೂಮಿನ ಬೀಗದ ಕೈಯನ್ನು ಬಿಟ್ಟುಕೊಡಲು ಮನಸ್ಸಿಲ್ಲದೆ ಅಲ್ಲಿ ಜಲವರ್ಣದ ಕ್ಲಾಸು ಶುರು ಮಾಡಿದ್ದರು. ಕೊಳದಲ್ಲಿ ನೀರಿಲ್ಲದಿದ್ದರೇನು, ಮೇಷ್ಟ್ರಿಗೆ ನೀರು ಬಿಟ್ಟರೆ ಬೇರೆ ವಿಷಯ ಬರುತ್ತಿರಲಿಲ್ಲ. ಕೊರಳಲ್ಲಿ ಸೀಟಿ ಹಾಗೇ ಇತ್ತು. ಯಾರಾದರೂ ಒಂದೇ ಜಾಗವನ್ನು ಮತ್ತೆ ಮತ್ತೆ ತೀಡುತ್ತ ಕೂತರೆ ಪೀ ಎಂದು ಊದುತ್ತಿದ್ದರು. ಸೀಟಿ ಕೇಳಿದ ಕೂಡಲೇ ಬ್ರಷ್ ಮೇಲೆತ್ತಬೇಕು ಎಂಬುದು ನಿಯಮ.

ವಾರಕ್ಕೊಂದು ಸಣ್ಣ ಕೆಲಸ. ಕಾಗದ ಅಂಗೈಯಗಲ, ಅದಕ್ಕಿಂತ ದೊಡ್ಡದಿಲ್ಲ. ಮೊದಲ ವಾರ ಮೂರೇ ಎಳೆತಗಳಲ್ಲಿ ಒಂದು ನಿಂಬೆಹಣ್ಣು. ಮುಖದಕ್ಕ ಎರಡು ಗಂಟೆ ಕೂತು ಸಿಪ್ಪೆಯ ಮೇಲಿನ ನೂರಾ ನಲವತ್ತು ಚುಕ್ಕೆಗಳನ್ನೂ ಇಟ್ಟಳು. ಮೇಷ್ಟ್ರು ಹನ್ನೊಂದು ಸಲ ಸೀಟಿ ಊದಿ ಸುಸ್ತಾಗಿ, ಕೊನೆಗೆ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು.

"ಇದನ್ನ ಇಟ್ಕೊಂಡು ನಿಂಬೆಹಣ್ಣನ್ನ ಅರೆಸ್ಟ್ ಮಾಡಬಹುದು" ಎಂದರು. "ನೀರಿನ ಜೊತೆ ಜಗಳ ಆಡಬೇಡಿ. ಜಗಳ ಆಡಿದೋರೇ ಮುಳುಗೋದು."

ಎರಡನೇ ವಾರ ಅಂಚಿನ ಗೆರೆಯಿಲ್ಲದೆ ಒಂದು ಕಾಫಿ ಕಪ್. ಮೂರನೆಯ ವಾರ ಪುಸ್ತಕದ ನಡುವೆ ಇಡುವ ಪಟ್ಟಿಯ ಮೇಲೆ ಒಂದು ಮರ. ಎಲೆ ಬರೆಯಕೂಡದು, ಎಲೆಗಳ ನಡುವಿನ ಬೆಳಕನ್ನು ಬಿಳಿಯಾಗಿ ಬಿಡಬೇಕು. ಮೊದಲು ಕಾಗದ ಒದ್ದೆ ಮಾಡಿ, ಆಮೇಲೆ ಬಣ್ಣ ಬಿಟ್ಟು, ಕಾಗದವನ್ನು ಸ್ವಲ್ಪ ಓರೆ ಮಾಡಿ, ಕೈ ಕಟ್ಟಿಕೊಂಡು ನೋಡುತ್ತಿರಬೇಕು ಎಂದು ಮೇಷ್ಟ್ರು ಹೇಳಿದಾಗ ಅವಳಿಗೆ ಅದು ಸೋಮಾರಿಗಳ ವಿದ್ಯೆ ಎನ್ನಿಸಿತು. ಕೈ ಕಟ್ಟಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟ ಎಂದು ಗೊತ್ತಾದದ್ದು ನಾಲ್ಕನೇ ವಾರ. ಮನೆಯಲ್ಲಿ ನೀರು ಕುದಿಯುವಷ್ಟರಲ್ಲಿ ಅಡುಗೆಮನೆಯ ಟವೆಲನ್ನು ಬರೆದು ಮುಗಿಸಬೇಕಿತ್ತು. ಕಣ್ಣು ಅರ್ಧ ಮುಚ್ಚಿಕೊಂಡು, ಬ್ರಷ್ಷಿನ ತುದಿಯನ್ನು ಹಿಡಿದು, ನೀಲಿಯನ್ನು ಒದ್ದೆಯಲ್ಲಿ ಬಿಟ್ಟಳು. ಅದು ಓಡಿತು. ಅರ್ಧ ಒಣಗಿದ ಕಡೆ ಒಂದು ಹನಿ ಬಿದ್ದು ಹೂಕೋಸಿನ ಹಾಗೆ ಅರಳಿತು. ಸರಿಮಾಡಲು ಹೋದ ಕೈ ಅರ್ಧ ದಾರಿಯಲ್ಲೇ ನಿಂತಿತು. ಏಕೆಂದರೆ ಅಲ್ಲಿ ಒಂದು ಟವೆಲು ನೇತಾಡುತ್ತಿತ್ತು.

ಗಂಡನಿಗೆ ತೋರಿಸಿದಳು. ಅವನು ಭೂತಗನ್ನಡಿ ತೆಗೆದು, ಬರಿಗಣ್ಣಲ್ಲಿ ನೋಡಿ, "ಒದ್ದೆ ಇದೆ" ಎಂದ. ಕಾಗದವೋ ಟವೆಲೋ ಎಂದು ಅವಳು ಕೇಳಲಿಲ್ಲ.

ಆ ದಿನಗಳಲ್ಲೇ ಊರಿನಲ್ಲಿ ಬೆಲ್ಲುಗಳು ಕಳುವಾಗತೊಡಗಿದ್ದು. ಮನೆ ಒಳಗಿನ ಒಂದು ಕಡ್ಡಿಯನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಕಳ್ಳ ಬಾಗಿಲ ಹೊರಗಿನ ಕರೆಗಂಟೆಯ ಗುಂಡಿಯನ್ನು ಮಾತ್ರ ಅಚ್ಚುಕಟ್ಟಾಗಿ ಬಿಚ್ಚಿ, ವೈರಿನ ತುದಿಗಳಿಗೆ ಟೇಪು ಸುತ್ತಿ, ಸ್ಕ್ರೂಗಳನ್ನು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟು ಹೋಗುತ್ತಿದ್ದ. ಎರಡು ತಿಂಗಳಲ್ಲಿ ಅರವತ್ತಕ್ಕೂ ಹೆಚ್ಚು. ನೆಂಟರು ಬಾಗಿಲ ಮುಂದೆ ನಿಂತು ಕಾದು ಕಾದು ವಾಪಸು ಹೋಗುತ್ತಿದ್ದರು. ಇದನ್ನು ಕಷ್ಟವೆಂದು ಬರೆಸುವುದೋ ಅನುಕೂಲವೆಂದೋ ಎಂದು ಕೆಲವು ದೂರುದಾರರೇ ಗೊಂದಲದಲ್ಲಿದ್ದರು.

ಕಳ್ಳನನ್ನು ಕಂಡವರು ಒಬ್ಬರೇ. ರಿಟೈರಾದ ಲೈಬ್ರೇರಿಯನ್ ಅಮ್ಮ. ಬಾಗಿಲ ಸಣ್ಣ ಗಾಜಿನ ಕಿಂಡಿಯಲ್ಲಿ ನೋಡಿದ್ದರು. ಆಗಷ್ಟೇ ಮುಖ ತೊಳೆದಿದ್ದರಿಂದ ಕನ್ನಡಕ ಒದ್ದೆಯಾಗಿತ್ತಂತೆ. ಮೂಗು, ಕಣ್ಣು, ಗಲ್ಲ ಯಾವುದೂ ನೆನಪಿಲ್ಲ ಎಂದರು.

"ಮುಖ ಒಟ್ಟಾರೆ ಹೇಗಿತ್ತು ಅಂತ ಹೇಳಿ ಸಾಕು" ಎಂದಳು ಮುಖದಕ್ಕ.

"ಏನೋ ಹೇಳಬೇಕು ಅಂತ ಬಂದು, ಹೇಳದೇನೇ ವಾಪಸ್ ಹೋಗೋರ ಮುಖ ಇರುತ್ತಲ್ಲಮ್ಮ, ಹಾಗಿತ್ತು."

ಮುಖದಕ್ಕ ಪೆನ್ಸಿಲ್ ಹಿಡಿಯಲು ನೋಡಿದಳು. ಬೆರಳು ಮುಚ್ಚಲಿಲ್ಲ. ಅತ್ತ ಇನ್‌ಸ್ಪೆಕ್ಟರು ಹೊಸಿಲ ಮೇಲೆ ನಿಂತು ಅವಸರ ಮಾಡುತ್ತಿದ್ದರು. ಬೇರೆ ದಾರಿಯಿಲ್ಲದೆ ಚೀಲದಲ್ಲಿದ್ದ ಬಣ್ಣದ ಪುಟ್ಟ ಡಬ್ಬಿಯನ್ನು ತೆಗೆದು, ಸಾಕ್ಷಿಗೆಂದು ತಂದಿಟ್ಟಿದ್ದ ಕುಡಿಯುವ ನೀರಿನಲ್ಲೇ ಬ್ರಷ್ ಅದ್ದಿದಳು. ಕಂದು ಬಣ್ಣಕ್ಕೆ ಸ್ವಲ್ಪ ನೀಲಿ ಬೆರೆಸಿ ಒದ್ದೆ ಕಾಗದದ ಮೇಲೆ ಬಿಟ್ಟಳು. ಕಣ್ಣಿದ್ದ ಕಡೆ ಎರಡು ನೆರಳು. ಗಲ್ಲದ ಬಣ್ಣ ತಾನಾಗಿಯೇ ಇಳಿದು ಕಾಲರಿಗೆ ಸೇರಿತು. ಬಾಯಿಯನ್ನು ಬರೆಯಲೇ ಇಲ್ಲ. ಲೈಬ್ರೇರಿಯನ್ ಅಮ್ಮ ನೋಡಿ, ಇವನೇ ಎಂದರು.

ಇನ್‌ಸ್ಪೆಕ್ಟರು ಚಿತ್ರವನ್ನು ತುಂಬ ಹೊತ್ತು ನೋಡಿದರು. ನಮ್ಮ ಷಡ್ಡಕನ ಹಾಗೆ ಕಾಣುತ್ತಾನಲ್ಲ ಎಂದರು. ದೂರು ಬರೆದುಕೊಳ್ಳುವ ರೈಟರು ಬಗ್ಗಿ ನೋಡಿ, ಇಲ್ಲ ಸಾರ್, ನಮ್ಮ ಮನೆ ಮಾಲೀಕರ ಹಾಗೆ ಎಂದ. ಕಾವಲಿನ ಪೇದೆ ದೂರದಿಂದಲೇ ನೋಡಿ ಮುಖ ತಿರುಗಿಸಿಕೊಂಡ. ಹೇಗೋ ಇರಲಿ, ಕೈಯಲ್ಲಿರುವುದು ಇದೊಂದೇ ಎಂದು ಎಂಬತ್ತು ಪ್ರತಿ ತೆಗೆಸಿ ಊರಿನ ಗೋಡೆಗಳಿಗೆಲ್ಲ ಅಂಟಿಸಿದರು. ಮೇಲೆ ದಪ್ಪಕ್ಷರದಲ್ಲಿ, ಬೇಕಾಗಿದ್ದಾರೆ.

ಮರುದಿನ ಬೆಳಿಗ್ಗೆ ಸ್ಟೇಷನ್ನಿನ ಗೇಟಿನಲ್ಲಿ ಆರು ಜನ ನಿಂತಿದ್ದರು. ಮೊದಲು ಒಳಗೆ ಬಂದವರು ಕ್ಷೌರದ ಅಂಗಡಿಯವರು. ನನ್ನ ಚಿತ್ರ ಹಾಕಿದ್ದೀರಿ, ನಾನೇ ಬಂದಿದ್ದೇನೆ ಎಂದು ಕೈ ಮುಂದಕ್ಕೆ ಚಾಚಿದರು. ಬೆಲ್ ಕದ್ದವರು ನೀವೇ ಏನು ಎಂದು ರೈಟರು ಕೇಳಿದ. ಅವರ ಕಿವಿ ಸ್ವಲ್ಪ ಮಂದ; ಬೆಲ್ಲವನ್ನು ನಾನು ಮುಟ್ಟಿಯೇ ಇಲ್ಲ ಎಂದರು. ಅವರು ಮಾಡಿದ್ದು ಬೇರೆ. ಒಂಬತ್ತು ವರ್ಷದ ಹಿಂದೆ, ಕುರ್ಚಿಯಲ್ಲಿ ಗಿರಾಕಿಯೊಬ್ಬ ನಿದ್ದೆ ಹೋಗಿದ್ದಾಗ ಸೀನು ಬಂದು ಅವನ ಅರ್ಧ ಮೀಸೆ ಹೋಯಿತು. ಉಳಿದರ್ಧವನ್ನೂ ತೆಗೆದು, ಎದ್ದ ಮೇಲೆ ನೀವೇ ಹೇಳಿದ್ದಲ್ಲವೇ ಎಂದುಬಿಟ್ಟಿದ್ದರು. ಪಾಪ, ಅವನು ನಂಬಿ ಇವತ್ತಿಗೂ ಮೀಸೆ ಇಲ್ಲದೆ ಓಡಾಡುತ್ತಿದ್ದಾನೆ.

ಎರಡನೆಯವಳು ಒಂದು ಹಾಡುವ ತಂಡದಲ್ಲಿದ್ದವಳು. ಹದಿನಾರು ವರ್ಷದಿಂದ ಬಾಯಿ ಮಾತ್ರ ಆಡಿಸಿದ್ದಳು. ಸ್ವರ ಹೊರಗೆ ಬಿಟ್ಟಿರಲಿಲ್ಲ. ಆಮೇಲೆ ಬಂದವರು ಮುಖದಕ್ಕನ ಕೈ ನೋಡಿದ್ದ ಅದೇ ಡಾಕ್ಟರು. ರೋಗಿಗಳ ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ನಾನು ಕೇಳುವುದೇ ಇಲ್ಲ, ಆ ನಿಮಿಷ ಯಾರೂ ಮಾತಾಡುವುದಿಲ್ಲವಲ್ಲ ಎಂದು ಸುಮ್ಮನೆ ವಿಶ್ರಾಂತಿ ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಬೆವರು ಒರೆಸಿಕೊಂಡರು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ನಮ್ಮೂರಲ್ಲಿ ಇಷ್ಟು ಹೆಗಲು ಇದೆ ಅಂತ ನನಗೆ ಗೊತ್ತಿರಲಿಲ್ಲ" ಎಂದರು ಇನ್‌ಸ್ಪೆಕ್ಟರು.

ಇವುಗಳಿಗೆ ಯಾವ ಕಾನೂನೂ ಇರಲಿಲ್ಲ. ಆದರೆ ಬಂದವರು ಬರೆದುಕೊಳ್ಳದೆ ಎದ್ದು ಹೋಗಲು ಒಪ್ಪುತ್ತಿರಲಿಲ್ಲ. ರೈಟರು ಹೊಸ ಪುಸ್ತಕ ತೆರೆದು ಗೆರೆ ಹೊಡೆದ: ಮಾಡಿದ್ದೇನು, ಯಾವಾಗಿನಿಂದ, ಈಗ ಹೇಗನ್ನಿಸುತ್ತಿದೆ. ಮೂರನೇ ದಿನಕ್ಕೆ ಬೆಂಚು ತರಿಸಿದರು, ಐದನೇ ದಿನಕ್ಕೆ ಟೋಕನ್ನು. ಬೆಲ್ ಕದ್ದೆ ಎಂದವರು ಮಾತ್ರ ಒಬ್ಬರೂ ಇಲ್ಲ.

ಸುದ್ದಿ ಮೇಲಕ್ಕೆ ಹೋಯಿತು. ದೊಡ್ಡ ಸಾಹೇಬರೇ ಜೀಪಿನಲ್ಲಿ ಬಂದಿಳಿದರು. ಪುಸ್ತಕ ತಿರುವಿ ಹಾಕಿ, ಒಂದೇ ವಾರದಲ್ಲಿ ತೊಂಬತ್ತೆಂಟು ತಪ್ಪೊಪ್ಪಿಗೆ, ಇಡೀ ಜಿಲ್ಲೆಯಲ್ಲಿ ಹತ್ತು ವರ್ಷಕ್ಕೆ ಇಷ್ಟಾಗಿಲ್ಲ ಎಂದು ಖುಷಿಪಟ್ಟರು. ಮುಖದಕ್ಕನನ್ನು ಕರೆಸಿ, ಇನ್ನು ಮೇಲೆ ವಾರಕ್ಕೊಂದು ಚಿತ್ರ ಬರೆಯಬೇಕು ಎಂದರು.

"ಯಾವ ಅಪರಾಧಕ್ಕೆ ಸಾರ್?"

"ಅದನ್ನ ಬಂದೋರು ಹೇಳ್ತಾರಲ್ಲಮ್ಮ."

ಹೀಗೆ ಭಾನುವಾರದ ಸಣ್ಣ ಕೆಲಸಗಳ ಜೊತೆಗೆ ಸೋಮವಾರದ್ದೂ ಒಂದು ಸೇರಿಕೊಂಡಿತು. ಇಲ್ಲದ ಅಪರಾಧಕ್ಕೆ ಇಲ್ಲದವನ ಮುಖ. ಮೊದಲ ಸಲ ಇನ್‌ಸ್ಪೆಕ್ಟರು ಬೆನ್ನ ಹಿಂದೆಯೇ ನಿಂತಿದ್ದರಿಂದ ಅವಳ ಕೈ ಹಳೆಯ ಚಾಳಿಗೆ ಬಿದ್ದು ದವಡೆಯನ್ನು ಸ್ಪಷ್ಟವಾಗಿ ಬರೆದುಬಿಟ್ಟಿತು. ಆ ವಾರ ಬಂದವರು ಇಬ್ಬರೇ, ಅದೂ ಒಂದೇ ಮನೆಯ ಅಣ್ಣತಮ್ಮಂದಿರು, ಅಂಥದೇ ದವಡೆಯವರು. ಮೇಲಿಂದ ಪತ್ರ ಬಂತು: ಮುಂದಿನ ಚಿತ್ರದಲ್ಲಿ ನೀರಿನ ಪ್ರಮಾಣವನ್ನು ಹೆಚ್ಚಿಸತಕ್ಕದ್ದು. ಇನ್‌ಸ್ಪೆಕ್ಟರು ಪತ್ರವನ್ನು ಎರಡು ಸಲ ಓದಿ, ಈಜು ಮೇಷ್ಟ್ರನ್ನೇ ಜೀಪು ಕಳಿಸಿ ಕರೆಸಿದರು. ಮೇಷ್ಟ್ರು ಸ್ಟೇಷನ್ನಿನಲ್ಲಿ ನಿಂತು ಸೀಟಿ ಊದಿದಾಗ ಲಾಕಪ್ಪಿನಲ್ಲಿದ್ದವನೂ ಎದ್ದು ನಿಂತ. ಆ ಮುಂದಿನ ಚಿತ್ರ ಬರಿಯ ನೀರು. ಅದರಲ್ಲಿ ಯಾರೋ ಈಗಷ್ಟೇ ನಾಚಿಕೊಂಡು ಎದ್ದು ಹೋದ ಹಾಗೆ ಒಂದಿಷ್ಟು ಕೆಂಪು. ಅದಕ್ಕೆ ಎಪ್ಪತ್ತೊಂದು ಜನ ಬಂದರು. ಒಬ್ಬರು ಪರ ಊರಿನಿಂದ ರೈಲು ಹತ್ತಿ ಬಂದಿದ್ದರು.

ಮುಖದಕ್ಕನಿಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಇಷ್ಟು ವರ್ಷ ಕಷ್ಟಪಟ್ಟು ಬರೆದ ಮುಖಗಳಿಗೆ ವಾರಕ್ಕೊಬ್ಬ ಸಿಕ್ಕರೆ ಹೆಚ್ಚು. ಈಗ ಹತ್ತು ನಿಮಿಷದ ಕಲೆಗೆ ಊರಿಗೆ ಊರೇ ಬರುತ್ತಿದೆ. ಆದರೆ ಬಂದವರು ಹೇಳಿ ಮುಗಿಸಿ ಎದ್ದು ನಿಂತಾಗ ಅವರ ಭುಜ ಕೆಳಗಿಳಿಯುವುದನ್ನು ಅವಳು ನೋಡುತ್ತಿದ್ದಳು. ತನ್ನ ಬೆರಳೂ ಒಂದೊಂದಾಗಿ ಬಿಡಿಸಿಕೊಳ್ಳುತ್ತಿತ್ತು.

ಒಂದು ಗುರುವಾರ ಬ್ರಷ್ಷಿಗೆ ನೀರು ತರಲು ಹೊರಗೆ ಬಂದಾಗ ಬೆಂಚಿನ ಕೊನೆಯಲ್ಲಿ ಅವಳ ಗಂಡ ಕೂತಿದ್ದ. ಅಂಗಡಿ ಮುಚ್ಚಿ ಬಂದಿದ್ದ. ಮನೆಯಲ್ಲಿ ಏನಾದರೂ ಆಯಿತೇ ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿ ಟೋಕನ್ನು ತೋರಿಸಿದ. ನಲವತ್ತನಾಲ್ಕು.

"ನನ್ನ ಸರದಿ ಇನ್ನೂ ಬಂದಿಲ್ಲ. ನೀನು ಒಳಗೆ ಹೋಗು" ಎಂದ.

ಒಳಗೆ ಹೋದಳು. ಮನೆಯಲ್ಲಿ ಒಂದೇ ಮೇಜಿನ ಎದುರುಬದುರು ಕೂತು ಊಟ ಮಾಡುವ ಮನುಷ್ಯ ಟೋಕನ್ನು ತೆಗೆದುಕೊಂಡು ಹೇಳುವಂಥದ್ದು ಏನಿದ್ದೀತು ಎಂದು ಯೋಚಿಸುತ್ತ ಒಣ ಬ್ರಷ್ಷನ್ನೇ ಬಣ್ಣಕ್ಕೆ ಅದ್ದಿದಳು. ಎರಡು ಗಂಟೆ ಕಳೆದ ಮೇಲೆ ನಲವತ್ತನಾಲ್ಕನ್ನು ಕರೆದರು. ರೈಟರು ಮರ್ಯಾದೆಗೆ ಎದ್ದು ಹೊರಡಲು ನೋಡಿದ. ಗಂಡ ತಡೆದು, ಇಲ್ಲ, ಬರೆದುಕೊಳ್ಳಿ ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಮದುವೆಯಾದ ವರ್ಷ ನೀನು ನನ್ನದೊಂದು ಚಿತ್ರ ಬರೆದಿದ್ದೆ."

"ಮನೆ ಬದಲಾಯಿಸುವಾಗ ಕಳೆದುಹೋಯ್ತಲ್ಲ, ಅದಾ?"

"ಕಳೆದುಹೋಗಲಿಲ್ಲ. ನಾನೇ ಹರಿದು ಹಾಕಿದೆ."

"ಯಾಕೆ?"

"ನನ್ನ ಹಾಗೇ ಇತ್ತು."

ರೈಟರ ಪೆನ್ನು ನಿಂತಿತು. ಗಂಡ ಮೆಲ್ಲಗೆ ಮುಂದುವರಿಸಿದ. ತನ್ನ ಎಡಗಿವಿ ಬಲಗಿವಿಗಿಂತ ಅರ್ಧ ಬೆರಳು ಕೆಳಗಿದೆ ಎಂದು ಆವತ್ತಿನವರೆಗೂ ಅವನಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಮರೆಯಲೂ ಆಗಲಿಲ್ಲ. ಅಂದಿನಿಂದ ಎಲ್ಲಿ ಕೂತರೂ ಎಡಗಡೆಯನ್ನು ಗೋಡೆಗೆ ಮಾಡಿಕೊಂಡೇ ಕೂರುತ್ತಿದ್ದ. ಮೇಜಿಗೆ ಬೆಳಕು ಬೇಕೆಂದು ಹಾಗೆ ಕೂರುತ್ತಾನೆ ಎಂದು ಅವಳು ಇಷ್ಟು ವರ್ಷ ಅಂದುಕೊಂಡಿದ್ದಳು. ಅವಳು ತನ್ನನ್ನು ನೋಡಿದಾಗಲೆಲ್ಲ ಆ ಅರ್ಧ ಬೆರಳನ್ನೇ ಅಳೆಯುತ್ತಿದ್ದಾಳೆ ಎಂದು ಅವನು ಅಂದುಕೊಂಡಿದ್ದ.

ಮುಖದಕ್ಕನಿಗೆ ಕೋಪ ಬಂತು, ಆಮೇಲೆ ಹೋಯಿತು. ಆ ಚಿತ್ರಕ್ಕೆ ಅವಳು ಮೂರು ಸಂಜೆ ಕೂತಿದ್ದಳು.

"ಅಷ್ಟು ಹೊತ್ತು ನಾನು ಬೇರೆ ಯಾರನ್ನೂ ನೋಡಿರಲಿಲ್ಲ ರೀ" ಎಂದಳು. "ಕಿವಿ ನೋಡಿದ್ದು ನಿಜ. ಅದೇ ನನಗೆ ಇಷ್ಟ ಆಗಿದ್ದು."

ಅವನು ಗೋಡೆಯ ಮೇಲೆ ಅಂಟಿಸಿದ್ದ ಬೆಲ್ ಕಳ್ಳನ ಚಿತ್ರವನ್ನು ತೋರಿಸಿ, ಅದರಲ್ಲಿ ನಾನು ಚೆನ್ನಾಗಿದ್ದೇನೆ, ಅದಕ್ಕೇ ಬಂದೆ ಎಂದ. ರೈಟರು ಕೊನೆಯ ಕಾಲಮ್ಮಿಗೆ ಏನು ಬರೆಯಲಿ, ಈಗ ಹೇಗನ್ನಿಸುತ್ತಿದೆ ಎಂದು ಕೇಳಿದ. ಗಂಡ ಗೋಡೆಯ ಗಡಿಯಾರ ನೋಡಿದ.

"ಹಸಿವಾಗ್ತಿದೆ ಅಂತ ಬರ್ಕೊಳ್ಳಿ."

ಅಂದು ಇಬ್ಬರೂ ಹೊರಗೆ ಊಟ ಮಾಡಿದರು. ಅವನು ಹೋಟೆಲಿನ ನಟ್ಟನಡುವಿನ ಮೇಜಿನಲ್ಲಿ, ನಾಲ್ಕೂ ಕಡೆ ಬಯಲಾಗಿ ಕೂತ.

ಮರುದಿನ ಬೆಳಿಗ್ಗೆ ಒಬ್ಬ ಮುದುಕರು ತಲೆಯ ಮೇಲೆ ಉದ್ದನೆಯ ಹಲಗೆ ಹೊತ್ತು ಬಂದರು. ಮೂವತ್ತು ವರ್ಷ ಮನೆಮನೆಗೆ ಹೋಗಿ ಕರೆಂಟು ಮೀಟರು ನೋಡುತ್ತಿದ್ದವರು. ಈಗ ಮೀಟರುಗಳು ತಮ್ಮ ಲೆಕ್ಕವನ್ನು ತಾವೇ ಆಫೀಸಿಗೆ ಕಳಿಸುತ್ತವೆ. ಇವರನ್ನು ಮನೆಯಲ್ಲಿರಿ ಎಂದಿದ್ದರು. ಹಲಗೆಯನ್ನು ಮೇಜಿನ ಮೇಲೆ ಇಟ್ಟರು. ಅದರ ತುಂಬ ಬೆಲ್ಲಿನ ಗುಂಡಿಗಳು, ಅರವತ್ಮೂರು, ಒಂದೊಂದರ ಕೆಳಗೂ ಮನೆ ನಂಬರು. ಹಿಂದೆ ಬ್ಯಾಟರಿ, ಸಣ್ಣ ಸಣ್ಣ ಗಂಟೆಗಳು.

"ಕದ್ದೋನು ನಾನೇ. ದಿನಕ್ಕೆ ಇನ್ನೂರು ಬೆಲ್ ಒತ್ತಿದ ಬೆರಳು ಸಾರ್, ಸುಮ್ನೆ ಇರೋದಿಲ್ಲ. ಯಾರಿಗೂ ತೊಂದರೆ ಬೇಡ ಅಂತ ಮನೆಗೇ ತಂದು ಒತ್ತುತಾ ಇದ್ದೆ" ಎಂದರು.

ರೈಟರು ಗೋಡೆಯ ಚಿತ್ರ ನೋಡಿದ, ಅವರನ್ನು ನೋಡಿದ, ಮತ್ತೆ ಚಿತ್ರ ನೋಡಿದ. ಹೋಲಲಿಲ್ಲ. ಇನ್‌ಸ್ಪೆಕ್ಟರು ಬಂದು ಹತ್ತಿರದಿಂದ, ದೂರದಿಂದ, ಕಣ್ಣು ಕಿರಿದು ಮಾಡಿ ನೋಡಿದರು. ಈ ಊರಿನಲ್ಲಿ ಎಲ್ಲರೂ ಆ ಚಿತ್ರದ ಹಾಗಿದ್ದಾರೆ, ನೀವೊಬ್ಬರೇ ಇಲ್ಲ, ದಯವಿಟ್ಟು ಮನೆಗೆ ಹೋಗಿ ಎಂದರು. ಮೀಟರಿನವರು ಬೇಸರದಿಂದ ಒಂದು ಗುಂಡಿ ಒತ್ತಿದರು. ಹಕ್ಕಿ ಕೂಗಿದ ಹಾಗೆ ಸದ್ದಾಯಿತು. ಸಾಕ್ಷಿಯಾದ ಲೈಬ್ರೇರಿಯನ್ ಅಮ್ಮನನ್ನು ಕರೆಸಿದರು. ಆಕೆ ಆ ಸದ್ದು ಕೇಳಿದ ಕೂಡಲೇ ಇದು ನಮ್ಮನೆ ಬೆಲ್ಲು ಎಂದರು. ಇವರನ್ನು ಮಾತ್ರ ಒಪ್ಪಲಿಲ್ಲ. ನಾನು ಕಂಡವನು ಇವರಿಗಿಂತ ಲಕ್ಷಣವಾಗಿದ್ದ ಎಂದುಬಿಟ್ಟರು. ಕೊನೆಗೆ ಇನ್‌ಸ್ಪೆಕ್ಟರು ಬರೆಸಿದ್ದು ಇಷ್ಟು: ಮಾಲು ಸಿಕ್ಕಿದೆ, ಕಳ್ಳನ ಪತ್ತೆ ಮುಂದುವರಿದಿದೆ.

ಮುದುಕರ ಕಣ್ಣು ತುಂಬಿ ಬಂತು. ಮುಖದಕ್ಕನ ಹತ್ತಿರ ಬಂದು, ನೀವಾದರೂ ನನ್ನನ್ನು ನನ್ನ ಹಾಗೆ ಬರೆಯಿರಿ ಎಂದರು. ಬಣ್ಣದಲ್ಲಿ ಬರೆಯಲೇ, ಪೆನ್ಸಿಲ್ಲಿನಲ್ಲೇ ಎಂದು ಅವಳು ಕೇಳಿದಳು.

"ಯಾವುದಕ್ಕೆ ಜಾಸ್ತಿ ಹೊತ್ತು ಹಿಡಿಯುತ್ತೋ ಅದರಲ್ಲಿ" ಎಂದರು. "ಬಾಗಿಲು ತೆಗೆದೋರೆಲ್ಲ ಮೀಟರ್ ಕಡೆ ಕೈ ತೋರಿಸ್ತಾ ಇದ್ರು. ನನ್ನ ಮುಖ ಯಾರೂ ನೋಡಿಲ್ಲಮ್ಮ."

ಅವಳು ಪೆನ್ಸಿಲ್ಲನ್ನು ಚೂಪು ಮಾಡಿಕೊಂಡಳು. ಮಧ್ಯಾಹ್ನವೆಲ್ಲ ಕೂತು ಹುಬ್ಬಿನ ಕೂದಲು, ಕೆನ್ನೆಯ ಗೆರೆ, ಕುತ್ತಿಗೆಯ ಮಚ್ಚೆ, ಒಂದನ್ನೂ ಬಿಡದೆ ಬರೆದಳು. ಕೈ ನೋಯಲಿಲ್ಲ. ಮುಗಿಸಿ ಕೊಟ್ಟಾಗ ಅವರು ಚಿತ್ರವನ್ನು ತಿರುಗಿಸಿ, ಮುರುಗಿಸಿ, ಹೌದು ಎಂದು ತಲೆಯಾಡಿಸಿದರು. ಇನ್‌ಸ್ಪೆಕ್ಟರು ಅದನ್ನು ನೋಡಿ, ಇದನ್ನು ಮೊದಲೇ ಬರೆದಿದ್ದರೆ ಅವತ್ತೇ ಹಿಡಿಯುತ್ತಿದ್ದೆನಲ್ಲ ಎಂದು ನಿಟ್ಟುಸಿರು ಬಿಟ್ಟರು.

ಬೆಲ್ಲುಗಳನ್ನು ವಾಪಸು ಕೂರಿಸುವ ಕೆಲಸವನ್ನು ಮೀಟರಿನವರಿಗೇ ಒಪ್ಪಿಸಲಾಯಿತು. ಅವರಷ್ಟು ಅಚ್ಚುಕಟ್ಟಾಗಿ ಬಿಚ್ಚಿದವರು ಬೇರೆ ಯಾರಿದ್ದಾರೆ? ಕೂರಿಸಿದ ಮೇಲೆ ಒತ್ತಿ ನೋಡಬೇಕಲ್ಲ, ಒತ್ತಿದರು. ಮನೆಯವರು ಬಾಗಿಲು ತೆಗೆದು, ಮೀಟರು ತೋರಿಸುವ ಕೆಲಸ ಇಲ್ಲದ್ದರಿಂದ ಅವರ ಮುಖವನ್ನೇ ನೋಡಬೇಕಾಯಿತು. ಸ್ಟೇಷನ್ನಿನ ಬೆಂಚು ಮೆಲ್ಲಮೆಲ್ಲಗೆ ಖಾಲಿಯಾಯಿತು. ಕ್ಷೌರದವರು ಆ ಗಿರಾಕಿಯ ಮನೆಗೆ ತಾವೇ ಹೋಗಿ ಹೇಳಿ ಬಂದರಂತೆ. ಡಾಕ್ಟರು ಎದೆ ಬಡಿತ ಕೇಳಲು ಶುರು ಮಾಡಿ, ಇಷ್ಟು ಜೋರಾಗಿರುತ್ತದೆಂದು ಗೊತ್ತಿರಲಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದರು. ಸಂಖ್ಯೆ ಇಳಿದದ್ದಕ್ಕೆ ದೊಡ್ಡ ಸಾಹೇಬರಿಂದ ಇನ್ನೊಂದು ಪತ್ರ ಬಂತು. ಅದಕ್ಕೆ ಏನು ಉತ್ತರ ಬರೆಯುವುದೆಂದು ಯಾರಿಗೂ ಹೊಳೆಯದೆ ಹಾಗೇ ಬಿಟ್ಟರು.

ಒಂದು ಸಂಜೆ ಮುಖದಕ್ಕನ ಮನೆಯ ಬೆಲ್ಲಾಯಿತು. ಗಂಡ ಹೋಗಿ ಬಾಗಿಲು ತೆಗೆದ. ಮೀಟರಿನವರು ನಿಂತಿದ್ದರು. ಈ ಮನೆಯ ಬೆಲ್ಲು ಕಳುವಾಗಿಯೇ ಇರಲಿಲ್ಲ. ಆದರೂ ಸರಿಯಿದೆಯೇ ಎಂದು ನೋಡಿ ಹೋಗೋಣ ಎಂದು ಬಂದೆ ಎಂದರು. ಸರಿಯಿದೆ ಎಂದ ಗಂಡ. ಇನ್ನೊಂದು ಸಲ ಒತ್ತಿ ನೋಡಲೇ ಎಂದು ಅವರು ಕೇಳಿದರು.

"ಒತ್ತಿ" ಎಂದ ಗಂಡ, ಬಾಗಿಲನ್ನು ಪೂರ್ತಿ ತೆರೆದು ಹಿಡಿದುಕೊಂಡು.